ಹತ್ತು ಎಣಿಸುವಷ್ಟು ಹೊತ್ತು

ನನ್ನ ಗಂಡನ ಮನೆಯಲ್ಲಿ ಊಟಕ್ಕೆ ಕೂತವರು ಬಾಯಿಬಿಟ್ಟು ಕೇಳಿದರೆ ಅದು ಅವಮಾನ. ಕೇಳಿದವರಿಗಲ್ಲ, ಬಡಿಸುವವರಿಗೆ. ಹಳ್ಳಿಮೈಸೂರಿಗೆ ಸೊಸೆಯಾಗಿ ಬಂದ ಮೂರನೇ ದಿನ ನಾನು ಮುದ್ದೆ ಮುರಿಯುತ್ತಾ "ಅತ್ತೆ, ಇನ್ನೊಂಚೂರು ಸಾರು ಹಾಕಿ" ಎಂದುಬಿಟ್ಟೆ. ಅತ್ತೆಯ ಮುಖ ಸಪ್ಪಗಾಯಿತು. ಸಾರಿನ ಪಾತ್ರೆಯನ್ನೇ ತಂದು ನನ್ನ ಪಕ್ಕ ಕುಕ್ಕಿ ಒಳಗೆ ಹೋದವರು ಸಂಜೆಯವರೆಗೆ ಮಾತಾಡಲಿಲ್ಲ. ಆಮೇಲೆ ಗಂಡ ಬಿಡಿಸಿ ಹೇಳಿದರು. ಈ ಮನೆಯಲ್ಲಿ ಉಣ್ಣುವವರು ಕೇಳಬೇಕಾಗಿ ಬಂದರೆ ಬಡಿಸುವವಳಿಗೆ ಕಣ್ಣಿಲ್ಲ ಅಂತ ಅರ್ಥವಂತೆ.

ನಾನು ಹಿರೀಸಾವೆಯವಳು. ಅಪ್ಪನದು ರಸ್ತೆ ಪಕ್ಕದ ಹೋಟೆಲು. ಅಲ್ಲಿ ಬಾಯಿಬಿಡದವನಿಗೆ ಒಂದು ಲೋಟ ನೀರು ಬಿಟ್ಟರೆ ಏನೂ ಸಿಗುವುದಿಲ್ಲ. "ಏನ್ ಕೊಡ್ಲಿ ಸಾ? ಇಡ್ಲಿನಾ, ದೋಸೆನಾ?" ಎನ್ನುವುದನ್ನು ನಾನು ಅಪ್ಪ ಅಮ್ಮ ಎನ್ನುವುದಕ್ಕೆ ಮೊದಲೇ ಕಲಿತೆ ಎಂದು ನಮ್ಮಮ್ಮ ಆಡಿಕೊಳ್ಳುತ್ತಿದ್ದರು. ಅಂಥವಳನ್ನು ತಂದು, ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವ ಈ ಮನೆಗೆ ಕೊಟ್ಟರು. ನನಗೆ ಒಗ್ಗಿಕೊಳ್ಳಲು ಎರಡು ವರ್ಷ ಬೇಕಾಯಿತು.

ಅಷ್ಟರಲ್ಲಿ ಮಗಳು ಹುಟ್ಟಿದಳು. ಮೂರು ತುಂಬಿದರೂ ಅವಳ ಬಾಯಲ್ಲಿ ಒಂದು ಮಾತಿಲ್ಲ. ಹೆಸರು ಹಿಡಿದು ಕೂಗಿದರೆ ತಿರುಗಿ ನೋಡುತ್ತಿರಲಿಲ್ಲ. ಹುಣಸೆಬೀಜದ ಡಬ್ಬ ಅಲ್ಲಾಡಿಸಿದರೆ ಮಾತ್ರ ಹಿತ್ತಲಿನಿಂದ ಓಡಿಬರುತ್ತಿದ್ದಳು. ಬೀಜಗಳನ್ನು ಹೊಸಿಲುದ್ದಕ್ಕೂ ಸಾಲಾಗಿ ಜೋಡಿಸುವುದು ಅವಳ ದಿನದ ಕೆಲಸ. ಒಂದು ಬೀಜ ಜರುಗಿದರೂ ಹೆಂಚು ಹಾರುವ ಹಾಗೆ ಕಿರುಚುತ್ತಿದ್ದಳು. "ನಮ್ ವಂಸ್ದಲ್ಲಿ ಎಲ್ರೂ ತಡವಾಗೇ ಮಾತಾಡಿದ್ದು ಕಣವ್ವ, ಯೋಚ್ನೆ ಮಾಡ್ಬ್ಯಾಡ" ಎನ್ನುತ್ತಿದ್ದರು ಅತ್ತೆ. ಆ ವಂಶದಲ್ಲಿ ಬಾಯಿ ಮುಚ್ಚಿ ಕೂತವರನ್ನು ನಾನಂತೂ ಕಂಡಿರಲಿಲ್ಲ. ಆದರೂ ನಂಬಿದೆ, ನಂಬದೆ ಇರಲು ಧೈರ್ಯ ಸಾಲಲಿಲ್ಲ.

ಆ ನಂಬಿಕೆ ಹೋದದ್ದು ಒಂದು ಮಧ್ಯಾಹ್ನ. ಊಟದ ಹೊತ್ತಿಗೆ ಶುರುವಾದ ಅಳು ಹಾಲು ಕರೆಯುವ ಹೊತ್ತಾದರೂ ನಿಲ್ಲಲಿಲ್ಲ. ನೀರು, ಹಾಲು, ಬಾಳೆಹಣ್ಣು, ಬೆಲ್ಲ, ಒಂದೊಂದನ್ನೇ ಕೊಟ್ಟೆವು. ಎಲ್ಲವನ್ನೂ ಎಸೆದಳು. ಗಂಡ ಬೈಕಿನಲ್ಲಿ ಊರು ಸುತ್ತಿಸಿ ತಂದರು. ಅತ್ತೆ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ಕೊನೆಗೆ ಸ್ನಾನ ಮಾಡಿಸಿ ನೋಡೋಣ ಎಂದು ಬಟ್ಟೆ ಬಿಚ್ಚಿದರೆ, ಚಡ್ಡಿಯ ಅಂಚಿನಲ್ಲಿ ಉತ್ತರಾಣಿ ಮುಳ್ಳು ಕಚ್ಚಿಕೊಂಡಿತ್ತು. ತೊಡೆ ಕೆಂಪಗೆ ಬಾತುಹೋಗಿತ್ತು. ಕೇಳದೆಯೇ ಕೊಡುತ್ತೇವೆ ಎಂದು ಬೀಗುವ ಮೂವರು ದೊಡ್ಡವರಿಗೆ ಅಷ್ಟು ಹೊತ್ತು ಒಂದು ಮುಳ್ಳು ಗೊತ್ತಾಗಿರಲಿಲ್ಲ. ಬಚ್ಚಲಲ್ಲೇ ಕುಸಿದು ಕೂತು ನಾನೂ ಅವಳ ಜೊತೆ ಬಿಕ್ಕಿದೆ. ಇವಳು ಹಾಡು ಹೇಳದಿದ್ದರೆ ಬೇಡ, ಪಾಠ ಒಪ್ಪಿಸದಿದ್ದರೆ ಬೇಡ. ನನಗಿದು ಬೇಕು, ಇದು ಚುಚ್ಚುತ್ತಿದೆ ಎಂದು ಎದುರಿಗಿದ್ದವರಿಗೆ ತಿಳಿಸುವಷ್ಟು ಬಂದರೆ ಸಾಕು ಎಂದು ಬೇಡಿಕೊಂಡೆ. ನಮ್ಮೂರಿನ ಅಂಗನವಾಡಿ ಟೀಚರು ಕೇಳಿದ್ದೂ ಅಷ್ಟನ್ನೇ. "ನೀರು ಬೇಕು, ಒಂದಕ್ಕೆ ಓಗ್ಬೇಕು ಅಂತ ಎಂಗಾದ್ರೂ ತಿಳಿಸಂಗಾಗ್ಲಿ, ಕರ್ಕೊಂಡ್ ಬಾರವ್ವ. ನೀವ್ಯಾರೂ ಇಲ್ದೇ ಇದ್ದಾಗ ನಮ್ಗೆ ಗೊತ್ತಾಗ್ಬೇಕಲ್ಲ" ಎಂದಿದ್ದರು.

ಹಾಸನದ ಡಾಕ್ಟರು ಆಟಿಸಂ ಎಂದರು. ಹುಟ್ಟಿನಿಂದಲೇ ಬಂದದ್ದು, ಸಾಕಿದವರ ತಪ್ಪಲ್ಲ, ಆದರೆ ಈಗಿನಿಂದಲೇ ಕೆಲಸ ಶುರು ಮಾಡಬೇಕು ಎಂದು, ಮಾತಿನ ತರಬೇತಿ ಕೊಡುವ ಒಬ್ಬ ಮೇಡಂ ಹತ್ತಿರ ಕಳಿಸಿದರು. ಅಲ್ಲಿಗೆ ಹೋಗಿದ್ದು ಎರಡೇ ಸಲ. ಹೊಳೆನರಸೀಪುರದ ಬಸ್‌ಸ್ಟ್ಯಾಂಡಿನಲ್ಲಿ ಹಾರನ್ ಕೇಳಿದ್ದೇ ಕಿವಿ ಮುಚ್ಚಿಕೊಂಡು ನೆಲಕ್ಕೆ ಬಿದ್ದು ಹೊರಳಾಡಿದಳು. ಸುತ್ತ ನಿಂತವರು ನನಗೆ ಮಗು ಸಾಕುವುದು ಹೇಗೆಂದು ಹೇಳಿಕೊಟ್ಟರು. ಹಾಸನ ಮುಟ್ಟುವಷ್ಟರಲ್ಲಿ ಅತ್ತು ಸುಸ್ತಾಗಿ ಮೇಡಂ ಕೋಣೆಯಲ್ಲಿ ನಿದ್ದೆ ಹೋದಳು. ಎರಡನೇ ಸಲವೂ ಅದೇ ಕಥೆ. "ಇನ್ನು ಬರಬೇಡಿ. ಮನೇಲೇ ಇರಿ, ವಿಡಿಯೋ ಕಾಲ್‌ನಲ್ಲಿ ಮಾಡೋಣ" ಎಂದರು ಮೇಡಂ. ನನಗೆ ಸಿಟ್ಟು ನೆತ್ತಿಗೇರಿತು. ಫೋನಿನಲ್ಲಿ ಒಂದು ಕಟ್ಟು ಸೊಪ್ಪು ಆರಿಸಲಾಗುವುದಿಲ್ಲ, ಇವರು ಮಾತು ಕಲಿಸುತ್ತಾರಂತೆ ಎಂದು ದಾರಿಯುದ್ದಕ್ಕೂ ಗೊಣಗಿದೆ.

ನಮ್ಮ ಮನೆಯಲ್ಲಿ ಸಿಗ್ನಲ್ ಸಿಗುವುದು ಕೊಟ್ಟಿಗೆ ಪಕ್ಕದ ಜಗುಲಿಯಲ್ಲಿ ಮಾತ್ರ. ಫೋನನ್ನು ಹಿಂಡಿ ಮೂಟೆಗೆ ಒರಗಿಸಿದೆವು. ಮೊದಲ ದಿನ ಅತ್ತೆ ಮಗಳಿಗೆ ರೇಷ್ಮೆ ಲಂಗ ಉಡಿಸಿ, ಎರಡು ಜಡೆ ಹಾಕಿ, ಕೆನ್ನೆಗೆ ದೃಷ್ಟಿಬೊಟ್ಟಿಟ್ಟು, ಹೆಣ್ಣು ನೋಡಲು ಬಂದವರ ಮುಂದೆ ಕೂರಿಸುವ ಹಾಗೆ ಫೋನಿನ ಮುಂದೆ ಕೂರಿಸಿದರು. ಮೇಡಂ ನಕ್ಕರು. "ಮಗು ಮುದ್ದಾಗಿದಾಳೆ ಅಜ್ಜಿ. ಆದ್ರೆ ನಾನು ನೋಡ್ಬೇಕಾಗಿರೋದು ಅವಳ ಅಮ್ಮನ್ನ. ಫೋನ್ ಸ್ವಲ್ಪ ದೂರ ಇಡಿ, ನೀವಿಬ್ರೂ ದಿನಾ ಹೇಗಿರ್ತೀರೋ ಹಾಗೇ ಇರಿ" ಎಂದರು. ಪರೀಕ್ಷೆ ನನಗೆ ಎಂದು ಗೊತ್ತಾದದ್ದು ಆಗ.

ಹತ್ತು ನಿಮಿಷ ಆಡಿಸಿದೆ. ಬಾಲು ಬೇಕಾ, ಇದೇನಿದು, ಹಸು ಎಲ್ಲಿ, ಹಣ್ಣು ತಿಂತೀಯಾ ಎಂದು ಬಾಯಿಗೆ ಬಿಡುವು ಕೊಡದೆ ಮಾತಾಡಿದೆ. ಮುಗಿದ ಮೇಲೆ ಮೇಡಂ ಮೆಲ್ಲಗೆ ಕೇಳಿದರು. "ನೀವು ಎಷ್ಟೊಂದು ಪ್ರಶ್ನೆ ಕೇಳಿದ್ರಿ. ಒಂದಕ್ಕಾದ್ರೂ ಉತ್ತರ ಬರೋವರೆಗೂ ಕಾದ್ರಾ? ಅವಳು ಹಣ್ಣಿನ ಕಡೆ ನೋಡೋಕೂ ಮೊದಲೇ ಹಣ್ಣು ಬಾಯಲ್ಲಿತ್ತು." ನನಗೆ ಕೆನ್ನೆಗೆ ಬಾರಿಸಿದ ಹಾಗಾಯಿತು. ಹೋಟೆಲಿನವಳು ನಾನು, ಗಿರಾಕಿ ಬಾಯಿಬಿಡುವವರೆಗೆ ನಿಲ್ಲುವುದನ್ನು ಯಾವಾಗ ಮರೆತೆನೋ ನನಗೇ ಗೊತ್ತಿರಲಿಲ್ಲ.

ಅವರು ಹೇಳಿಕೊಟ್ಟದ್ದು ಕೇಳಲು ಸಲೀಸು. ಅವಳಿಗೆ ಇಷ್ಟವಾದ ವಸ್ತುವನ್ನು ಕಾಣುವ ಹಾಗೆ ಹಿಡಿ, ಬಾಯಿ ಮುಚ್ಚು, ಮನಸ್ಸಿನಲ್ಲೇ ಹತ್ತು ಎಣಿಸು. ಅಷ್ಟರಲ್ಲಿ ಅವಳು ಕಣ್ಣಿಂದ ನೋಡಲಿ, ಕೈ ಚಾಚಲಿ, ಒಂದು ಸದ್ದು ಮಾಡಲಿ, ಏನು ಮಾಡಿದರೂ ಅದು ಕೇಳಿದ ಹಾಗೆ. ಕೂಡಲೇ "ಹಣ್ಣು" ಎಂದು ಒಂದೇ ಸಲ ಹೇಳಿ ಕೊಟ್ಟುಬಿಡು. ಏನೂ ಮಾಡದಿದ್ದರೂ ಹತ್ತಾದ ಮೇಲೆ ಕೊಡು. "ಕೊಡದೆ ಸತಾಯಿಸಬೇಡಿ. ಸ್ವಲ್ಪ ತಡ ಮಾಡಿ, ಅಷ್ಟೇ" ಎಂದು ಎರಡೆರಡು ಸಲ ಎಚ್ಚರಿಸಿದರು.

ಆ ಹತ್ತನ್ನು ಅತ್ತೆಯ ಎದುರು ಎಣಿಸುವುದಕ್ಕೆ ಗುಂಡಿಗೆ ಬೇಕು. "ಅಸ್ದಿರೋ ಮಗಿನ ಮುಂದೆ ಅಣ್ಣಿಡ್ಕಂಡು ಬೊಂಬೆ ಅಂಗೆ ನಿಂತ್ಕತೀಯಲ್ಲಮ್ಮಿ, ನಿಂಗೇನು ಕರುಳಿಲ್ವಾ? ನಾಯಿಗೂ ಇಂಗೆ ಮಾಡಾಕಿಲ್ಲ ನಾವು" ಎಂದು ಮೊದಲ ದಿನವೇ ಕೂಗಾಡಿದರು. ನಾನೂ ಬಿಡಲಿಲ್ಲ, ಮಾತಿಗೆ ಮಾತು ಬೆಳೆಯಿತು. ಗಂಡ ಇಬ್ಬರ ನಡುವೆ ಸಿಕ್ಕಿಕೊಂಡು ಗದ್ದೆಗೆ ನೀರು ಕಟ್ಟುವ ನೆಪದಲ್ಲಿ ಹೊರಗೆ ಹೋಗುತ್ತಿದ್ದರು. ಆ ತಿಂಗಳು ನಮ್ಮ ಗದ್ದೆ ಕೆರೆಯಾಗದೆ ಉಳಿದದ್ದೇ ಹೆಚ್ಚು.

ವಾರಗಳು ಕಳೆದರೂ ಮಗಳು ಕೈ ಚಾಚಲಿಲ್ಲ. ಹಣ್ಣು ಹಿಡಿದರೆ ಬೇರೆ ಕಡೆ ನೋಡುತ್ತಾಳೆ, ಬಿಸ್ಕತ್ತು ಹಿಡಿದರೆ ಎದ್ದು ಹೋಗುತ್ತಾಳೆ. ಶನಿವಾರ ಮೇಡಂ ಕೆಲವು ಅಮ್ಮಂದಿರನ್ನು ಒಂದೇ ಕಾಲ್‌ಗೆ ಸೇರಿಸುತ್ತಿದ್ದರು. ಅರಕಲಗೂಡಿನ ಕಡೆಯ ಒಬ್ಬಾಕೆ ಹೊಗೆಸೊಪ್ಪಿನ ಕೆಲಸದ ನಡುವೆ, ಕೈ ಕೂಡ ಒರೆಸಿಕೊಳ್ಳದೆ ಬಂದು ಕೂರುತ್ತಿದ್ದಳು. ಅವಳು ಒಂದು ಶನಿವಾರ "ನನ್ ಮಗ ನೆನ್ನೆ ಬ್ಯಾಡ ಅಂದ ಕಣ್ರೀ, ಬ್ಯಾಡ ಅಂದ!" ಎಂದು ಕುಣಿದಳು. ಎಲ್ಲರೂ ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ. ಸುಳ್ಳೇಕೆ ಹೇಳಲಿ, ಹೊಟ್ಟೆಯಲ್ಲಿ ಕಿಚ್ಚು ಹತ್ತಿಕೊಂಡಿತ್ತು.

ಗುಟ್ಟು ರಟ್ಟಾದದ್ದು ವಿಡಿಯೋದಿಂದ. ಕಾಲ್ ಇಲ್ಲದ ದಿನ ಗಂಡ ನಮ್ಮ ಅಭ್ಯಾಸವನ್ನು ಫೋನಿನಲ್ಲಿ ಹಿಡಿದು ಕಳಿಸುತ್ತಿದ್ದರು. ಅದನ್ನು ನೋಡಿದ ಮೇಡಂ ಮುಂದಿನ ಕಾಲ್‌ನಲ್ಲಿ ಕೇಳಿದರು. "ಎಡಗಡೆ ಮೂಲೇಲಿ, ಕಂಬದ ಹಿಂದಿಂದ ಒಂದು ಕೈ ಬರುತ್ತಲ್ಲ, ಹಸಿರು ಬಳೆ ಹಾಕಿರೋದು, ಅದು ಯಾರದ್ದು?" ನಾವು ವಿಡಿಯೋ ಮತ್ತೆ ಹಾಕಿ ನೋಡಿದೆವು. ನಾನು ಬಾಳೆಹಣ್ಣು ಹಿಡಿದು ಎಂಟು, ಒಂಬತ್ತು ಎಂದು ಎಣಿಸುತ್ತಿದ್ದರೆ, ಕಂಬದ ಹಿಂದಿನಿಂದ ಅತ್ತೆಯ ಕೈ ಬಂದು ಮಗಳ ಬಾಯಿಗೆ ಬೆಲ್ಲದ ಚೂರು ಇಟ್ಟು ಹೋಗುತ್ತಿತ್ತು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆದ ಹಾಗೆ ನಮ್ಮ ಸಂಸಾರ ನಡೆದಿತ್ತು. ನಾನು ಬೈಯಲು ಸೆರಗು ಸಿಕ್ಕಿಸಿಕೊಂಡು ಎದ್ದೆ. ಅಷ್ಟರಲ್ಲಿ ಮೇಡಂ "ಅಜ್ಜೀನ ಕರೀರಿ, ನಾನು ಅವರ ಹತ್ರ ಮಾತಾಡ್ಬೇಕು" ಎಂದರು.

ಅತ್ತೆ ತಪ್ಪು ಮಾಡಿ ಸಿಕ್ಕಿಬಿದ್ದ ಮಗುವಿನ ಹಾಗೆ ಬಂದು ಕೂತರು. ಮೇಡಂ ಬೆಲ್ಲದ ಮಾತೇ ಎತ್ತಲಿಲ್ಲ. "ಅಜ್ಜಿ, ಮಗೂಗೆ ಏನು ಬೇಕು ಅಂತ ನಿಮಗೆ ಮೊದಲೇ ಹೇಗೆ ಗೊತ್ತಾಗುತ್ತೆ? ನನಗೂ ಸ್ವಲ್ಪ ಹೇಳಿಕೊಡಿ" ಎಂದರು.

ಅತ್ತೆಗೆ ಜೀವ ಬಂತು. "ಅದ್ಕೇನ್ ಮೇಡಮ್ಮೋರೆ! ನೀರಡಿಕೆ ಆದ್ರೆ ಕುತ್ಗೆ ಉಜ್ಕತದೆ. ಅಸಿವಾದ್ರೆ ಕಂಬ ತಬ್ಕಂಡು ನಿಂತ್ಕತದೆ. ನಿದ್ದೆ ಬಂದ್ರೆ ನನ್ ಸೆರಗಿನ ತುದಿ ಮೂಸ್ತದೆ. ಒಂದಕ್ಕೆ ಬಂದ್ರೆ ತುದಿಗಾಲಲ್ಲಿ ನಡೀತದೆ, ಆಗ್ಲೇ ಎತ್ಕಂಡೋಗ್ಬೇಕು" ಎಂದು ಒಂದೇ ಉಸಿರಿಗೆ ಹೇಳುತ್ತಾ ಹೋದರು. ಮೇಡಂ ಬರೆದುಕೊಳ್ಳುತ್ತಾ ಹೋದರು. ನಾನು ಹೆತ್ತ ತಾಯಿ, ಇದರಲ್ಲಿ ಅರ್ಧವೂ ನನಗೆ ಗೊತ್ತಿರಲಿಲ್ಲ. ಬೈಯಲು ಎದ್ದವಳು ತೆಪ್ಪಗೆ ಕೂತೆ.

"ಇದೆಲ್ಲ ಮಾತೇ ಅಜ್ಜಿ" ಎಂದರು ಮೇಡಂ. "ಅವಳು ಆಡ್ತಾನೇ ಇದಾಳೆ, ನಿಮಗೆ ಕೇಳಿಸ್ತಿದೆ. ಆದ್ರೆ ಅಂಗನವಾಡೀಲಿ ಕುತ್ತಿಗೆ ಉಜ್ಜಿಕೊಂಡ್ರೆ ಅಲ್ಲಿ ಯಾರಿಗೆ ಗೊತ್ತಾಗುತ್ತೆ?"

ಕರು ಬಂದು ಹಿಂಡಿ ಮೂಟೆಗೆ ಮೂತಿ ಹಾಕಿತು, ಫೋನು ಅಡ್ಡ ಬಿತ್ತು. ಅದನ್ನು ಎತ್ತಿ ನಿಲ್ಲಿಸುತ್ತಾ ಅತ್ತೆ ತಮಗೆ ತಾವೇ ಹೇಳಿಕೊಂಡರು. "ನಾನ್ ಎಷ್ಟ್ ದಿನ ಇರ್ತೀನಿ? ಆಮೇಲೆ ಯಾರ್ ನೋಡ್ತಾರೆ ಇದರ ಕುತ್ಗೇನ?"

ಮಾರನೆಯ ದಿನದಿಂದ ಮೇಡಂಗೆ ನನಗಿಂತ ಒಳ್ಳೆಯ ಶಿಷ್ಯೆ ಸಿಕ್ಕರು. ಕಾಯುವುದು ಅತ್ತೆಗೆ ಮೈಯೆಲ್ಲ ತುರಿಕೆ ಬಂದ ಹಾಗೆ. ಹಣ್ಣು ಹಿಡಿದ ಕೈ ತಾನಾಗಿ ಮುಂದೆ ಹೋಗುತ್ತದೆ ಎಂದು ಇನ್ನೊಂದು ಕೈಯಿಂದ ಅದನ್ನೇ ಹಿಡಿದುಕೊಳ್ಳುತ್ತಿದ್ದರು. ಬಾಯಿಂದ ಮಾತು ಜಾರದಿರಲಿ ಎಂದು ಸೆರಗು ಕಚ್ಚಿಕೊಳ್ಳುತ್ತಿದ್ದರು. ನಾನು ನಮ್ಮಪ್ಪನ ಹೋಟೆಲಿನ ವಿದ್ಯೆ ಹೊರಗೆ ತೆಗೆದೆ. ಒಂದು ಕೈಯಲ್ಲಿ ಬಾಳೆಹಣ್ಣು, ಇನ್ನೊಂದರಲ್ಲಿ ಬಿಸ್ಕತ್ತು, "ಹಣ್ಣಾ? ಬಿಸ್ಕತ್ತಾ?" ಎಂದು ಕೇಳಿ ನಿಲ್ಲುವುದು. ಐದನೆಯ ದಿನ ಮಗಳು ಅತ್ತ ನೋಡಿದಳು, ಇತ್ತ ನೋಡಿದಳು, ಬಾಳೆಹಣ್ಣಿನ ಕೈಯನ್ನು ಹಿಡಿದು ಎಳೆದಳು. ಅತ್ತೆ ಸೆರಗು ಬಿಟ್ಟು "ಅಣ್ಣು!" ಎಂದು ಕೂಗಿದ ಕೂಗಿಗೆ ಹಸು ಹಗ್ಗ ಕಿತ್ತುಕೊಂಡಿತು. ಮುಂದಿನ ಶನಿವಾರ ಅರಕಲಗೂಡಿನಾಕೆ ಚಪ್ಪಾಳೆ ತಟ್ಟಿದಳು, ನಾನು ಕುಣಿದೆ.

ಆಮೇಲೆ ಒಂದೊಂದೇ ಬಂತು. ಜೋಕಾಲಿ ತೂಗಿ ತಟ್ಟನೆ ನಿಲ್ಲಿಸಿದರೆ ಅಜ್ಜಿಯ ಮುಖ ನೋಡಿ ಮೈ ಅಲ್ಲಾಡಿಸುವಳು. ನೀರಿನ ಚೊಂಬು ತೋರಿಸಿ ನಿಂತರೆ ಮೊದಲು ಕೈ ಚಾಚಿದಳು, ಮುಂದಿನ ತಿಂಗಳು ಕೈ ಚಾಚಿ "ನೀ" ಎಂದಳು. ಮೇಡಂ ಹೇಳಿದಂತೆ ಗಂಡ ಲೋಟದ ಚಿತ್ರ, ಬಚ್ಚಲ ಚಿತ್ರ ತೆಗೆಸಿ, ಹೊಳೆನರಸೀಪುರದ ಜೆರಾಕ್ಸ್ ಅಂಗಡಿಯಲ್ಲಿ ಲ್ಯಾಮಿನೇಶನ್ ಮಾಡಿಸಿ ತಂದರು. ಮಾತು ಬರದಿದ್ದಾಗ ಚಿತ್ರ ಕೊಟ್ಟರೂ ಕೇಳಿದ ಹಾಗೆಯೇ ಎಂದರು ಮೇಡಂ. ಅಕ್ಕಪಕ್ಕದವರು ಸುಮ್ಮನಿರಲಿಲ್ಲ. ಮೊಮ್ಮಗಳಿಗೆ ನೀರು ಕೊಡದೆ ಕಾಯಿಸುತ್ತಾರಂತೆ ಎಂಬ ಮಾತು ನಲ್ಲಿಯ ಹತ್ತಿರ ಹುಟ್ಟಿ ಊರು ಸುತ್ತಿ ನಮ್ಮ ಬಾಗಿಲಿಗೂ ಬಂತು. ಮೊದಲಾಗಿದ್ದರೆ ಅತ್ತೆ ಮೂರು ದಿನ ಅನ್ನ ಬಿಡುತ್ತಿದ್ದರು. ಈಗ "ತಾಳಿದವನು ಬಾಳಿಯಾನು, ಓಗ್ರವ್ವ ಓಗಿ ನಿಮ್ ಕೆಲ್ಸ ನೋಡ್ಕಳಿ" ಎಂದು ಅಟ್ಟಿದರು.

ಇಷ್ಟಾದರೂ ನನ್ನ ಎದೆಯಲ್ಲಿ ಅಳುಕು ಉಳಿದಿತ್ತು. ಚನ್ನರಾಯಪಟ್ಟಣದಲ್ಲಿರುವ ನನ್ನ ಅಕ್ಕನ ಮನೆಗೆ ಗಂಡ ಪರಿಚಯದವರ ಕಾರಿನಲ್ಲಿ ಕರೆದುಕೊಂಡು ಹೋದಾಗ, ಮಗಳು ಇಡೀ ದಿನ ನೀರಿಗಾಗಿ ಕುತ್ತಿಗೆ ಉಜ್ಜಿಕೊಂಡಳೇ ಹೊರತು ಅಕ್ಕನ ಹತ್ತಿರ ಹೋಗಲಿಲ್ಲ. ನಮ್ಮ ಜಗುಲಿಯಲ್ಲಿ, ನಮ್ಮಿಬ್ಬರ ಹತ್ತಿರ ಮಾತ್ರ ಕೇಳುತ್ತಿದ್ದಳು. "ಮನೆಯಲ್ಲಿ ಬಂದದ್ದು ಹೊರಗೂ ಬರೋಕೆ ಟೈಮ್ ಬೇಕು. ಬೇರೆಯವರ ಕೈಯಿಂದಲೂ ಅಭ್ಯಾಸ ಮಾಡಿಸಿ" ಎಂದರು ಮೇಡಂ. ಹಾಲಿನ ಡೇರಿಯವರ ಕೈಗೆ ಬಿಸ್ಕತ್ತು ಕೊಟ್ಟು ನಿಲ್ಲಿಸಿದೆ, ಪಕ್ಕದ ಮನೆಯ ಅಕ್ಕನ ಕೈಗೆ ಚೊಂಬು ಕೊಟ್ಟೆ. ಅವರೆಲ್ಲ ಈ ಊರಿನವರೇ ತಾನೆ? ನಾನು ಎರಡು ಎಣಿಸುವುದರೊಳಗೆ "ತಗಳವ್ವ, ತಗಾ ಬಂಗಾರ" ಎಂದು ಕೊಟ್ಟುಬಿಡುತ್ತಿದ್ದರು. ಬೈಯುವುದಾದರೂ ಯಾರನ್ನು?

ಕೊನೆಗೆ ಜೂನ್ ಬಂತು. ಚಿತ್ರದ ಕಾರ್ಡುಗಳನ್ನು ಕೊರಳಿಗೆ ಹಾಕಿ ಮಗಳನ್ನು ಅಂಗನವಾಡಿಗೆ ಕರೆದುಕೊಂಡು ಹೋದೆವು. ಟೀಚರಿಗೆ, ಅಡಿಗೆ ಮಾಡುವ ಸಹಾಯಕಿಗೆ ಎಲ್ಲ ವಿವರಿಸಿ, "ಕೈ ಮುಗೀತೀನಿ, ಅವಳು ಕೇಳೋಕೆ ಮುಂಚೆ ಕೊಡಬೇಡಿ" ಎಂದೆ. ಇಬ್ಬರೂ ಹಾಗೇ ಆಗಲಿ ಎಂದು ಮಾತು ಕೊಟ್ಟು, ಇನ್ನು ಮನೆಗೆ ಹೋಗಿ ಎಂದರು. ನಾವು ಹೋಗಲಿಲ್ಲ. ಗೋಡೆಯ ಹಿಂದೆ, ಕಿಟಕಿಯ ಪಕ್ಕ, ಕಳ್ಳರ ಹಾಗೆ ನಿಂತೆವು.

ಮಕ್ಕಳಿಗೆ ಉಪ್ಪಿಟ್ಟು ಕೊಟ್ಟರು. ಮಗಳು ಎರಡು ತುತ್ತು ತಿಂದಳು. ಸ್ವಲ್ಪ ಹೊತ್ತಿಗೆ ಕೈ ಕುತ್ತಿಗೆಗೆ ಹೋಯಿತು. ಸಹಾಯಕಿ ಬೆನ್ನು ತಿರುಗಿಸಿ ಪಾತ್ರೆ ತೊಳೆಯುತ್ತಿದ್ದಳು. ಮಗಳು ಮತ್ತೆ ಉಜ್ಜಿಕೊಂಡಳು, ಬಾಗಿಲ ಕಡೆ ನೋಡಿದಳು, ಅಜ್ಜಿ ಕಾಣಲಿಲ್ಲ, ತುಟಿ ನಡುಗಿತು. ನನಗೆ ತಡೆಯಲಾಗಲಿಲ್ಲ. ಹತ್ತೂ ಮರೆತುಹೋಯಿತು, ಮೇಡಮ್ಮೂ ಮರೆತುಹೋದರು. "ಅವಳಿಗೆ ನೀರು ಕೊಡಿ" ಎಂದು ಕೂಗಲು ಬಾಯಿ ತೆರೆದೆ. ಅತ್ತೆ ನನ್ನ ಬಾಯಿಯ ಮೇಲೆ ಕೈ ಇಟ್ಟು ಒತ್ತಿದರು. ಹೊಲದ ಕೆಲಸ ಮಾಡಿದ ಕೈ, ನನಗೆ ಉಸಿರಾಡಲಾಗಲಿಲ್ಲ. "ತಡಿ ಕಣಮ್ಮಿ. ಕೇಳ್ತದೆ. ನನ್ ಮಗು ಕೇಳ್ತದೆ" ಎಂದು ಕಿವಿಯಲ್ಲಿ ಪಿಸುಗುಟ್ಟಿದರು. ಅವರ ಕಣ್ಣಿಂದ ನೀರು ಇಳಿಯುತ್ತಿತ್ತು.

ಮಗಳು ಎದ್ದಳು. ಮಕ್ಕಳ ಸಾಲು ದಾಟಿ ಹೋಗಿ ಸಹಾಯಕಿಯ ಸೀರೆ ಹಿಡಿದು ಎಳೆದಳು. ಆಕೆ ತಿರುಗಿದಳು. ಮಗಳು ಕೊರಳಿನ ಕಾರ್ಡು ಎತ್ತಿದಳು, ಅದು ಬಚ್ಚಲ ಚಿತ್ರ. ಅದನ್ನು ಬಿಟ್ಟು ಇನ್ನೊಂದನ್ನು ಹುಡುಕಿದಳು, ಸಿಗಲಿಲ್ಲ. ಸಹಾಯಕಿ ಮಾತು ಕೊಟ್ಟಂತೆ ಒದ್ದೆ ಕೈಯಲ್ಲೇ ನಿಂತು ಕಾದಳು. ಮಗಳು ಕಾರ್ಡುಗಳನ್ನೆಲ್ಲ ಕೈಬಿಟ್ಟು, ಆಕೆಯ ಮುಖವನ್ನೇ ನೋಡಿ, "ನೀರು" ಎಂದಳು.

ಪೂರ್ತಿ ಪದ. ಮನೆಯಲ್ಲೂ ಅದನ್ನು ನಾವು ಕೇಳಿರಲಿಲ್ಲ. ಲೋಟ ತುಂಬಿ ಬಂತು, ಗಟಗಟನೆ ಕುಡಿದಳು, ಖಾಲಿ ಲೋಟ ಚಾಚಿ ಇನ್ನೊಂದು ಸಲ "ನೀರು" ಎಂದಳು. ಇನ್ನೂ ಒಂದು ಲೋಟ ಕುಡಿದು ತನ್ನ ಉಪ್ಪಿಟ್ಟಿನ ತಟ್ಟೆಗೆ ವಾಪಸು ಹೋದಳು.

ಅತ್ತೆ ನನ್ನ ಬಾಯಿಂದ ಕೈ ತೆಗೆದರು. ಗೋಡೆಗೆ ಒರಗಿ ಇಬ್ಬರೂ ಅತ್ತೆವು, ನಕ್ಕೆವು, ಯಾವುದು ಮೊದಲು ಎಂದು ನೆನಪಿಲ್ಲ. ಮನೆಗೆ ಹೋಗುವ ದಾರಿಯಲ್ಲಿ ನಲ್ಲಿಯ ಹತ್ತಿರ ನಿಂತಿದ್ದ ಹೆಂಗಸರನ್ನೆಲ್ಲ ಕರೆದು ಅತ್ತೆ ಹೇಳಿದರು. "ನಾನೂ ಬ್ಯಾಡ, ಅವರವ್ವನೂ ಬ್ಯಾಡ ಕಣ್ರವ್ವ ಈಗ ಅದ್ಕೆ. ಬೇರೆಯೋರ್ನ ಬಾಯ್ಬುಟ್ಟು ಕೇಳಿ ಈಸ್ಕಂಡು ಕುಡೀತು, ಅದೂ ಎರಡ್ ಲೋಟ!"